ಲೀಗ್ ತಾನೇ!

ನಿನ್ನೆ ನೈಟ್ ಡ್ಯೂಟಿ ಮುಗಿಸಿ ಬಂದು ಕಾರಿನಲ್ಲೇ ಕೂತು ವಾಟ್ಸಾಪ್ ತೆಗೆದೆ. ಇಲ್ಲಿ ಐರ್ಲೆಂಡಿನ ಕನ್ನಡದವರ ಗುಂಪಿನಲ್ಲಿ ಸಂಕ್ರಾಂತಿ ಕೂಟದ ದಿನ ಗೊತ್ತುಮಾಡಿದ್ದಾರೆ. ಈ ಭಾನುವಾರವಂತೆ. ಪರದೇಶದಲ್ಲಿ ಹಬ್ಬ ಯಾವಾಗಲೂ ಭಾನುವಾರಕ್ಕೇ ಬರುವುದು, ಪಂಚಾಂಗ ಏನಾದರೂ ಹೇಳಿಕೊಳ್ಳಲಿ. ಎಳ್ಳುಬೆಲ್ಲ, ಅವರೆಕಾಳು ಹುಗ್ಗಿ, ಮಕ್ಕಳ ಡ್ಯಾನ್ಸು, ಆಮೇಲೆ ಅಂತ್ಯಾಕ್ಷರಿ. ನಾನು ಒಂದೇ ಸಾಲು ಬರೆದೆ. "ಆವತ್ತು ಬರೋಕಾಗಲ್ಲ, ಮೇಯೋ-ಗಾಲ್ವೇ ಮ್ಯಾಚ್ ಇದೆ." (ಮೇಯೋ, ಗಾಲ್ವೇ ಅಂದರೆ ಇಲ್ಲಿನ ಅಕ್ಕಪಕ್ಕದ ಎರಡು ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಆಟ ಗೇಲಿಕ್ ಫುಟ್ಬಾಲ್.)

ಎರಡೇ ನಿಮಿಷ. "ಫೈನಲ್ಲಾ ಅಕ್ಕಾ?"

ಅಲ್ಲ ಅಂದೆ.

"ಓ, ಲೀಗ್ ತಾನೇ!" ಅಂತ ಉತ್ತರ. ಜೊತೆಗೆ ಹಲ್ಲು ಕಿರಿಯುವ ಮೂರು ಮುಖ.

ಅವತ್ತಿನ ಹನ್ನೆರಡು ಗಂಟೆ ಡ್ಯೂಟಿ ಸುಸ್ತು ಮಾಡಿರಲಿಲ್ಲ. ಆ ಮೂರು ಮುಖ ಸುಸ್ತು ಮಾಡಿದವು. ಮಲಗಿದರೆ ನಿದ್ದೆ ಬರಲಿಲ್ಲ. ಎದ್ದು ಕಾಫಿ ಮಾಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದರೆ ಓದಿ.

ನಮ್ಮ ಮನೆ ಕಥೆ ನಿಮಗೆ ಗೊತ್ತೇ ಇದೆ. ಐರ್ಲೆಂಡಿಗೆ ಬಂದ ಹೊಸತರಲ್ಲಿ ಗಾಲ್ವೇ ಊರಿನಲ್ಲಿದ್ದೆವು. ದೊಡ್ಡವನು ಹುಟ್ಟಿದ್ದು ಅಲ್ಲೇ. ಆಮೇಲೆ ನನ್ನ ಕೆಲಸದ ಹಿಂದೆ ಮೇಯೋ ಕೌಂಟಿಯ ಕ್ಯಾಸಲ್‌ಬಾರ್‌ಗೆ ಬಂದೆವು, ಚಿಕ್ಕವಳು ಇಲ್ಲಿ ಹುಟ್ಟಿದಳು. ನಮ್ಮ ಮನೆಯವರು ಈಗಲೂ ಕೆಲಸಕ್ಕೆ ಗಾಲ್ವೇಗೇ ಹೋಗಿಬರುತ್ತಾರೆ. ಹಾಗಾಗಿ ನಮ್ಮ ಬಟ್ಟೆ ಒಣಹಾಕುವ ತಂತಿಯ ಮೇಲೆ ಮೇಯೋದ ಹಸಿರು-ಕೆಂಪು ಅಂಗಿಯೂ ಗಾಲ್ವೇಯ ಮರೂನ್ ಅಂಗಿಯೂ ಒಟ್ಟಿಗೇ ನೇತಾಡುತ್ತವೆ. ಮಳೆ ಬಂದರೆ ನಾನು ಮೊದಲು ಹಸಿರು-ಕೆಂಪನ್ನು ಒಳಗೆ ತರುತ್ತೇನೆ. ಮರೂನ್ ನೆನೆಯಲಿ, ಅದಕ್ಕೆ ಅಭ್ಯಾಸ ಇದೆ.

"ಅದೇನು ಗೇಲಿಕ್ ಫುಟ್ಬಾಲು, ನಮ್ಮ ಫುಟ್ಬಾಲ್ ತರಾನಾ?" ಅಂತ ಪ್ರತಿ ಸಲ ಕೇಳುವವರಿಗೆ ಇದೇ ಕೊನೆಯ ಸಲ ಹೇಳುತ್ತಿದ್ದೇನೆ. ಒಂದು ಕಡೆ ಹದಿನೈದು ಜನ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಬಲೆಗೆ ಹೋದರೆ ಗೋಲು, ಮೂರು ಪಾಯಿಂಟ್. ಅಡ್ಡಪಟ್ಟಿಯ ಮೇಲಿಂದ ಕಂಬಗಳ ನಡುವೆ ಹೋದರೆ ಒಂದು. 2025ರಿಂದ ಹೊಸ ನಿಯಮ ಬಂದಿದೆ. ನಲವತ್ತು ಮೀಟರ್ ಕಮಾನು ಗೆರೆಯ ಆಚೆಯಿಂದ ಒದ್ದು ಹಾಕಿದರೆ ಎರಡು. ಎಪ್ಪತ್ತು ನಿಮಿಷದ ಆಟ. ಆಡುವವರಿಗೆ ಸಂಬಳ ಇಲ್ಲ, ಹರಾಜಿಲ್ಲ. ಹುಟ್ಟಿ ಬೆಳೆದ ಕೌಂಟಿಗೆ ಆಡುತ್ತಾರೆ, ಸೋಮವಾರ ಬೆಳಿಗ್ಗೆ ಮೇಷ್ಟರು ಸ್ಕೂಲಿಗೆ, ಪೊಲೀಸಿನವರು ಸ್ಟೇಷನ್ನಿಗೆ, ರೈತರು ಹಸು ನೋಡೋಕೆ ಹೋಗುತ್ತಾರೆ. ಸಾಕಲ್ವಾ?

ಈಗ "ಲೀಗ್ ತಾನೇ" ವಿಷಯಕ್ಕೆ ಬರೋಣ.

ಲೀಗ್‌ನಲ್ಲಿ ನಾಲ್ಕು ಡಿವಿಷನ್, ಒಂದೊಂದರಲ್ಲಿ ಎಂಟು ತಂಡ. ಒಬ್ಬೊಬ್ಬರ ಮೇಲೆ ಒಂದೇ ಮ್ಯಾಚು, ಒಟ್ಟು ಏಳು. ಮೇಲಿನ ಇಬ್ಬರು ಫೈನಲ್‌ಗೆ, ಕೆಳಗಿನ ಇಬ್ಬರು ಕೆಳ ಡಿವಿಷನ್‌ಗೆ. ಏಳೇ ಮ್ಯಾಚು ಅಂದರೆ ಎರಡು ಸೋತರೆ ಎದೆ ಢವಢವ, ಮೂರು ಸೋತರೆ ಊರಿಗೇ ಸೂತಕ. ಬೇಸಿಗೆಯಲ್ಲಿ ಆಲ್ ಐರ್ಲೆಂಡ್, ಅಂದರೆ ಇಡೀ ದೇಶದ ದೊಡ್ಡ ಚಾಂಪಿಯನ್‌ಶಿಪ್‌ನ ಸ್ಯಾಮ್ ಮೆಗೈರ್ ಕಪ್‌ಗೆ ಆಡುವುದೋ, ಎರಡನೇ ಹಂತದ ಟಾಲ್ಟನ್ ಕಪ್‌ಗೆ ಇಳಿಯುವುದೋ ಅನ್ನುವುದಕ್ಕೂ ಈ ಲೀಗ್‌ನ ಸ್ಥಾನವೇ ಲೆಕ್ಕಕ್ಕೆ ಬರುತ್ತದೆ. ಪ್ರಾಂತ್ಯದ ಫೈನಲ್ ತಲುಪಿದವರು ಬಚಾವು. 2020ರಲ್ಲಿ ಮೇಯೋ ಒಂದನೇ ಡಿವಿಷನ್‌ನಿಂದ ಕೆಳಗೆ ಬಿತ್ತಲ್ಲ, ಆಗ ಯಾರೂ "ಲೀಗ್ ತಾನೇ" ಅಂತ ನಗಲಿಲ್ಲ. ನಮ್ಮ ಪಕ್ಕದ ಮನೆ ಅಜ್ಜ ಮೂರು ದಿನ ಬೇಲಿ ಹತ್ತಿರ ಬರಲೇ ಇಲ್ಲ.

ಈ ಅಜ್ಜನ ಬಗ್ಗೆ ಹೇಳಬೇಕು. ಎಂಬತ್ತೈದು ದಾಟಿದೆ. 1951ರಲ್ಲಿ ಮೇಯೋ ಕೊನೆಯ ಸಲ ಆಲ್ ಐರ್ಲೆಂಡ್ ಗೆದ್ದಾಗ ಅವರು ಚಡ್ಡಿ ಹುಡುಗ, ಕಾಮೆಂಟ್ರಿ ಕೇಳಿದ್ದು ರೇಡಿಯೋದಲ್ಲಿ. ಅಲ್ಲಿಂದ ಇಲ್ಲಿವರೆಗೆ ಕಾಯುತ್ತಿದ್ದಾರೆ. 1989ರಿಂದ ಈಚೆಗೆ ಹನ್ನೊಂದು ಸಲ ಫೈನಲ್ ಸೋಲು ನೋಡಿದ್ದಾರೆ. 2013ರಲ್ಲಿ ಡಬ್ಲಿನ್ ಎದುರು ಒಂದು ಪಾಯಿಂಟ್. 2016ರಲ್ಲಿ ಮೊದಲು ಸಮ, ಅದೂ ನಮ್ಮವರೇ ನಮ್ಮ ಬಲೆಗೆ ಎರಡು ಗೋಲು ಹೊಡೆದುಕೊಂಡು. ಮರುಪಂದ್ಯದಲ್ಲಿ ಒಂದು ಪಾಯಿಂಟ್ ಸೋಲು. 2017ರಲ್ಲಿ ಮತ್ತೆ ಒಂದು ಪಾಯಿಂಟ್. 1951ರ ತಂಡ ಕಪ್ ಹಿಡಿದು ಬರುವಾಗ ಫಾಕ್ಸ್‌ಫರ್ಡ್ ಅನ್ನುವ ಊರಿನಲ್ಲಿ ಹೆಣದ ಮೆರವಣಿಗೆಗೆ ಗೌರವ ಕೊಡದೆ ಹೋಯಿತಂತೆ, ಪಾದ್ರಿ ಶಾಪ ಹಾಕಿದರಂತೆ, ಆ ತಂಡದವರೆಲ್ಲ ತೀರಿಕೊಳ್ಳುವವರೆಗೆ ಕಪ್ ಇಲ್ಲ ಅಂತ. ಅಂಥದ್ದೇನೂ ನಡೆದೇ ಇಲ್ಲ ಅನ್ನುವವರೂ ಇದ್ದಾರೆ. ಆ ತಂಡದ ಕೊನೆಯವರು 2021ರಲ್ಲಿ ತೀರಿಕೊಂಡರು. ಕಪ್ ಮಾತ್ರ ಇನ್ನೂ ಬಂದಿಲ್ಲ. ನಮ್ಮ ಹಾಸನದ ಕಡೆ ಆಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಸಲ ಶಾಂತಿ ಮಾಡಿಸಿ, ಅಷ್ಟಮಂಗಲ ಇಟ್ಟು, ಊರಿಗೆಲ್ಲ ಊಟ ಹಾಕಿಸಿ ಮುಗಿಸಿರುತ್ತಿದ್ದರು.

ಇಂಥ ಅಜ್ಜನೂ ಪ್ರತಿ ಜನವರಿಯಲ್ಲಿ ಬೇಲಿ ಮೇಲೆ ಕೈಯಿಟ್ಟು ಹೇಳುವುದು ಅದೇ ಮಾತು. "ಲೀಗ್ ಅಷ್ಟೇ ಕಣಮ್ಮಾ, ತಲೆ ಕೆಡಿಸಿಕೋಬೇಡ." ಹೇಳಿ, ಮಧ್ಯಾಹ್ನ ಎರಡು ಗಂಟೆಗೆ ಶುರುವಾಗುವ ಮ್ಯಾಚಿಗೆ ಬೆಳಿಗ್ಗೆ ಹತ್ತಕ್ಕೇ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿರುತ್ತಾರೆ. ತೊಡೆ ಮೇಲೆ ಚಹಾದ ಫ್ಲಾಸ್ಕು. ಅವರು ಹೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಮಳೆಯಲ್ಲಿ ನೆನೆದವರಿಗೆ ಮಳೆ ಬೈಯುವ ಹಕ್ಕಿದೆ. ಅಂತ್ಯಾಕ್ಷರಿ ಪಟ್ಟಿ ಮಾಡುವವರಿಗೆ ಇಲ್ಲ.

ಅದರಲ್ಲೂ ಇದು ಗಾಲ್ವೇ ಮೇಲಿನ ಮ್ಯಾಚು. ಯಾರೋ ದೂರದ ತಂಡ ಅಲ್ಲ. ಕ್ಯಾಸಲ್‌ಬಾರ್ ಬಿಟ್ಟು ಬ್ಯಾಲಿನ್‌ರೋಬ್ ದಾಟಿ, ಶ್ರೂಲ್ ಅನ್ನುವ ಹಳ್ಳಿ ದಾಟಿದರೆ ಗಾಲ್ವೇ ಶುರು. ಮ್ಯಾಚಿನ ವಾರದಲ್ಲಿ ಶ್ರೂಲ್‌ವರೆಗೆ ಹಸಿರು-ಕೆಂಪು ಬಾವುಟ, ಆಚೆ ಹೆಡ್‌ಫರ್ಡ್ ಕಡೆಯಿಂದ ಮರೂನ್-ಬಿಳಿ. ಆ ಗಡಿಯಲ್ಲಿ ಹೆಣ್ಣು ಕೊಟ್ಟು ತಂದವರೇ ಎಲ್ಲ. ಅತ್ತೆ ಮನೆ ಒಂದು ಬಣ್ಣ, ತವರು ಇನ್ನೊಂದು. ಅವರ ಹತ್ತಿರ ಒಂಬತ್ತು ಆಲ್ ಐರ್ಲೆಂಡ್ ಇದೆ, ನಮ್ಮ ಹತ್ತಿರ ಮೂರು, 1936, 1950, 1951. ಇದನ್ನು ನಮ್ಮ ಮನೆಯವರು ಊಟದ ಹೊತ್ತಿಗೆ ನೆನಪಿಸುತ್ತಾರೆ, ಉಪ್ಪು ಕೇಳಿದಷ್ಟು ಸಲೀಸಾಗಿ. "ನಿಮ್ಮದೂ 2001 ಆದಮೇಲೆ ಇಲ್ಲವಲ್ಲ" ಅಂತ ನಾನು ಸಾರು ಬಡಿಸುವುದನ್ನು ಅರ್ಧಕ್ಕೇ ನಿಲ್ಲಿಸುತ್ತೇನೆ.

ಇವರಿಬ್ಬರ ಮ್ಯಾಚು ಹೇಗಿರುತ್ತೆ ಗೊತ್ತಾ? 2022ರ ಕಾನಾಕ್ಟ್ (ನಮ್ಮ ಪಶ್ಚಿಮ ಪ್ರಾಂತ್ಯದ ಚಾಂಪಿಯನ್‌ಶಿಪ್) ಪಂದ್ಯ, ಗಾಲ್ವೇ ಒಂದು ಪಾಯಿಂಟ್‌ನಿಂದ. 2023ರಲ್ಲಿ ಅವರ ಮೈದಾನ ಸಾಲ್ಟ್‌ಹಿಲ್‌ಗೇ ಹೋಗಿ ನಾವು ಒಂದು ಪಾಯಿಂಟ್‌ನಿಂದ. 2024ರ ಕಾನಾಕ್ಟ್ ಫೈನಲ್, 0-16ಕ್ಕೆ 0-15 (ಮೊದಲ ಅಂಕಿ ಗೋಲು, ಆಮೇಲಿನದು ಪಾಯಿಂಟ್), ಮತ್ತೆ ಅವರು. 2025ರಲ್ಲಿ ನಮ್ಮೂರಿನಲ್ಲೇ ನಡೆದ ಫೈನಲ್‌ನಲ್ಲಿ ಎರಡು ಪಾಯಿಂಟ್‌ನಿಂದ ಅವರು. ಆ ದಿನ ನಮ್ಮ ಮನೆಯವರು ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಸುಮ್ನೆ ಸಿಳ್ಳೆ ಹಾಕುತ್ತಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಆ ಸಿಳ್ಳೆಯಷ್ಟು ಯಾವುದೂ ನನ್ನನ್ನು ಚುಚ್ಚಿಲ್ಲ.

ಈಗ ಈ ಭಾನುವಾರ ಮತ್ತೆ ಸಾಲ್ಟ್‌ಹಿಲ್. ಆ ಮೈದಾನದ ಪಕ್ಕದಲ್ಲೇ ಸಮುದ್ರ. ಅಟ್ಲಾಂಟಿಕ್ ಗಾಳಿ ಕೊಲ್ಲಿಯ ಮೇಲಿಂದ ನೇರ ಕಿವಿಗೆ ಬಡಿಯುತ್ತೆ. ಜನವರಿಯಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ ಅಲ್ಲಿ, ಪಕ್ಕದಿಂದ ಬರುತ್ತೆ. ಛತ್ರಿ ತಂದವರು ಹೊಸಬರು ಅಂತ ದೂರದಿಂದಲೇ ಗೊತ್ತಾಗುತ್ತೆ. ಹೊಸ ನಿಯಮ ಬಂದ ಮೇಲಂತೂ ಈ ಗಾಳಿಯೇ ಹದಿನಾರನೇ ಆಟಗಾರ. ಗಾಳಿ ಬೆನ್ನಿಗಿದ್ದರೆ ದೂರದಿಂದ ಒದ್ದದ್ದೆಲ್ಲ ಎರಡೆರಡು ಪಾಯಿಂಟ್. ಅಂಪೈರ್ ಕಿತ್ತಳೆ ಬಾವುಟ ಎತ್ತಿದಾಗಲೆಲ್ಲ ಎದುರಿನವರ ಹೊಟ್ಟೆಯಲ್ಲಿ ಕಲ್ಲು. ಮೊದಲರ್ಧ ಆರು ಪಾಯಿಂಟ್ ಮುಂದಿದ್ದರೂ ನೆಮ್ಮದಿ ಇಲ್ಲ. ದಿಕ್ಕು ಬದಲಾದ ಮೇಲೆ ಮೂರು ಒದೆತಕ್ಕೆ ಎಲ್ಲ ಸಮ. ಗಾಳಿ ಇದ್ದಾಗ ಜಾಸ್ತಿ ಆಸೆಪಟ್ಟು ಎಲ್ಲರೂ ದೂರದಿಂದಲೇ ಒದೆಯೋಕೆ ಹೋಗಿ ಹಾಳು ಮಾಡಿಕೊಳ್ಳುವುದನ್ನೂ ನೋಡಿದ್ದೇನೆ. ನನ್ನನ್ನು ಕೇಳಿದರೆ, ಟಾಸ್ ಗೆದ್ದರೆ ಮೊದಲು ಗಾಳಿಗೆ ಎದುರಾಗಿ ಆಡಬೇಕು. ನನ್ನನ್ನು ಯಾರೂ ಕೇಳುವುದಿಲ್ಲ.

ಸರಿ, ಆ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ನಮ್ಮ ಮನೆಯವರೇ ಬಂದು ಹಾಕುತ್ತಾರೆ. 2023ರಲ್ಲಿ ಮೇಯೋ ಲೀಗ್ ಗೆದ್ದಿತು. ಡಬ್ಲಿನ್ನಿನ ದೊಡ್ಡ ಮೈದಾನ ಕ್ರೋಕ್ ಪಾರ್ಕ್‌ನಲ್ಲಿ, ಇದೇ ಗಾಲ್ವೇ ಮೇಲೆ, 0-14ಕ್ಕೆ 0-11. ಕುಣಿದೆವು. ಮುಂದಿನ ಭಾನುವಾರವೇ ಚಾಂಪಿಯನ್‌ಶಿಪ್ ಶುರು, ನಮ್ಮದೇ ಮೈದಾನದಲ್ಲಿ ರಾಸ್‌ಕಾಮನ್ ಕೈಯಲ್ಲಿ ಸೋತೆವು. ಏಳು ದಿನದ ರಾಜ್ಯಭಾರ. 2020ರಲ್ಲೂ ಅಷ್ಟೇ. ಲೀಗ್‌ನಲ್ಲಿ ಗಾಲ್ವೇಯನ್ನು ಹದಿನೈದು ಪಾಯಿಂಟ್‌ನಿಂದ ಚಚ್ಚಿದೆವು, ಮುಂದಿನ ವಾರ ಟಿರೋನ್ ಎದುರು ಸೋತು ಡಿವಿಷನ್‌ನಿಂದಲೇ ಇಳಿದೆವು. ತಿಂಗಳಾದ ಮೇಲೆ ಅದೇ ಗಾಲ್ವೇ ಮೇಲೆ ಕಾನಾಕ್ಟ್ ಫೈನಲ್ ಗೆಲ್ಲಲು ಏದುಸಿರು ಬಿಟ್ಟು ಒಂದೇ ಒಂದು ಪಾಯಿಂಟ್. ಹಾಗಾಗಿ ಲೀಗ್ ನೋಡಿ ಬೇಸಿಗೆಯ ಭವಿಷ್ಯ ಹೇಳೋಕಾಗಲ್ಲ ಅನ್ನುತ್ತಾರೆ. ಒಪ್ಪಿದೆ.

ಒಪ್ಪಿ ಏನು ಮಾಡಲಿ? ಕೆರಿ ಕೌಂಟಿಯವರು 2022ರಲ್ಲೂ 2025ರಲ್ಲೂ ಲೀಗ್ ಗೆದ್ದು ಅದೇ ವರ್ಷ ಆಲ್ ಐರ್ಲೆಂಡ್ ಕೂಡ ಗೆದ್ದರು. ಅವರೇನು ಲೀಗ್ ತಾನೇ ಅಂತ ಕೈಕಟ್ಟಿ ಕೂತಿದ್ದರಾ? (ಎರಡೂ ಸಲ ಲೀಗ್ ಫೈನಲ್‌ನಲ್ಲಿ ಅವರ ಎದುರು ಸೋತವರು ಯಾರು ಅಂತ ದಯವಿಟ್ಟು ಕೇಳಬೇಡಿ.) ಮತ್ತೆ, ಭವಿಷ್ಯ ಹೇಳೋಕಾಗಲ್ಲ ಅಂದರೆ ಈ ಭಾನುವಾರ ಬೆಲೆ ಇಲ್ಲದ್ದು ಅಂತಾನಾ? ಇವತ್ತಿನ ಊಟ ನಾಳೆಯ ಹಸಿವಿಗೆ ಆಗಲ್ಲ ಅಂತ ಯಾರಾದರೂ ಊಟ ಬಿಡುತ್ತಾರಾ?

ಇನ್ನೊಂದು ಇದೆ. ನನ್ನಂಥವಳಿಗೆ ಸಿಗುವುದೇ ಲೀಗ್. ಆಲ್ ಐರ್ಲೆಂಡ್ ಫೈನಲ್ ಟಿಕೆಟ್ಟನ್ನು ಕ್ಲಬ್‌ಗಳ ಮೂಲಕ ಹಂಚುತ್ತಾರೆ. ಅಲ್ಲಿ ಮೂವತ್ತು ನಲವತ್ತು ವರ್ಷ ದುಡಿದವರ ಸಾಲಿದೆ, ಇರಬೇಕಾದ್ದೇ. ಲೀಗ್‌ಗೆ ಹಾಗಿಲ್ಲ. ಬೆಲೆ ಜೇಬಿಗೆ ಭಾರ ಅಲ್ಲ, ಯಾರು ಬೇಕಾದರೂ ಬಂದು ನಿಲ್ಲಬಹುದು. ಎರಡು ಕಡೆಯವರಿಗೆ ಬೇರೆ ಬೇರೆ ಗೇಟು, ಬೇಲಿ ಏನೂ ಇಲ್ಲ. ನನ್ನ ಎಡಕ್ಕೆ ಮರೂನ್ ಟೋಪಿ ಹಾಕಿದ ಅಪರಿಚಿತ ಹೆಂಗಸು ನಿಂತು ಎಪ್ಪತ್ತು ನಿಮಿಷ ನಮ್ಮವರನ್ನು ಬೈಯುತ್ತಾಳೆ, ಹಾಫ್‌ಟೈಮಿಗೆ ನನ್ನ ಮಗಳಿಗೆ ಬಿಸ್ಕತ್ತು ಕೊಡುತ್ತಾಳೆ. ಆಟ ಮುಗಿದ ಕೂಡಲೇ ಮಕ್ಕಳೆಲ್ಲ ಮೈದಾನಕ್ಕೆ ನುಗ್ಗುತ್ತಾರೆ. ಕೆಸರಾದ ಆಟಗಾರರು ಚಳಿಯಲ್ಲಿ ನಡುಗುತ್ತಾ ನಿಂತು ಅಂಗಿ ಮೇಲೆ, ಕಾರ್ಡಿನ ಮೇಲೆ, ಒಮ್ಮೆ ನನ್ನ ಮಗನ ಕೈಗೆ ಹಾಕಿದ್ದ ಪ್ಲಾಸ್ಟರ್ ಮೇಲೂ ಸಹಿ ಹಾಕಿಕೊಟ್ಟರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಅದನ್ನು ಬಿಸಾಡೋಕೆ ಬಿಟ್ಟಿಲ್ಲ, ಕಪಾಟಿನಲ್ಲಿ ವಾಸನೆ ಬರುತ್ತಿದೆ.

ಮಕ್ಕಳು ಹಾಗೆ ನುಗ್ಗುವಾಗ 2025ರ ಜೂನ್ ಆದಮೇಲೆ ನನಗೆ ಹೊಟ್ಟೆ ಒಂದು ಸಲ ಹಿಂಡುತ್ತೆ. ನಿಮಗೂ ಗೊತ್ತು. ಹದಿನೆಂಟನೇ ಸೀಸನ್‌ನಲ್ಲಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದ ರಾತ್ರಿ ಈ ಅಜ್ಜನ ಬಾಗಿಲು ತಟ್ಟಿ ಮೈಸೂರುಪಾಕ್ ಕೊಟ್ಟಿದ್ದೆ. "ಈ ಸಲ ಕಪ್ ನಮ್ದೆ" ಅಂದರೇನು ಅಂತ ವರ್ಷಗಟ್ಟಲೆ ಅವರಿಗೆ ಹೇಳಿಕೊಟ್ಟಿದ್ದೆ. ಮೇಯೋದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹುಲ್ಲಿನ ಉಂಡೆ ಮೇಲೆ, ಕುರಿಯ ಬೆನ್ನ ಮೇಲೂ ಬಣ್ಣ ಬಳಿಯುವ ಜನ. ಮರುದಿನ ಚಿನ್ನಸ್ವಾಮಿ ಹತ್ತಿರ ಕಾಲ್ತುಳಿತದಲ್ಲಿ ಹನ್ನೊಂದು ಜನ ತೀರಿಹೋದರು. ಸಂಜೆ ಅಜ್ಜ ಬಂದು ಬಾಗಿಲಲ್ಲಿ ನಿಂತರು. "ನಿಮ್ಮವರೆಲ್ಲ ಹುಷಾರಾ?" ಅಂತ ಕೇಳಿದರು. ಹೂಂ ಅಂದೆ. ಇಬ್ಬರೂ ಮತ್ತೇನೂ ಮಾತಾಡಲಿಲ್ಲ. ಆವತ್ತಿನಿಂದ ಆ ಘೋಷಣೆ ನನ್ನ ಬಾಯಲ್ಲಿ ಬಂದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ನಿಜ ಹೇಳಲೇಬೇಕು, ಹೇಗೂ ಮನೆಯವರು ಓದುತ್ತಿದ್ದಾರೆ. ಗಾಲ್ವೇ ಎದುರು ಲೀಗ್‌ನಲ್ಲಿ ಸೋತು ಬಂದ ದಿನ, ಕಾರಿನ ಹಿಂದಿನ ಸೀಟಿನಲ್ಲಿ ಮಗಳು ಅಳುವಾಗ, ನಾನೇ ತಿರುಗಿ ಹೇಳಿದ್ದೇನೆ. "ಅಳಬೇಡ ಪುಟ್ಟಾ, ಲೀಗ್ ತಾನೇ." ಒಂದು ಸಲ ಅಲ್ಲ. ಅಜ್ಜ ಆಗ ಕಿಟಕಿಯ ಕಡೆ ಮುಖ ಮಾಡಿದ್ದರು. ನನಗೆ ಆ ಮಾತು ಎಷ್ಟು ಬೇಕಾಗಿತ್ತೋ ಅವರಿಗೂ ಅಷ್ಟೇ ಬೇಕಾಗಿತ್ತು. ಹಾಗಾದರೆ ಮೂರು ಮುಖ ಕಳಿಸಿದ ಆ ತಮ್ಮನ ಮೇಲೆ ಇಷ್ಟು ಸಿಟ್ಟು ಯಾಕೆ ಅಂದರೆ, ಸೋತ ಮೇಲೆ ಹೇಳಿಕೊಳ್ಳೋಕೆ ಅಂತ ನಾವು ಜೋಪಾನವಾಗಿ ಇಟ್ಟುಕೊಂಡಿದ್ದನ್ನು ಅವನು ಮ್ಯಾಚಿಗೆ ಮೊದಲೇ ತೆಗೆದು ಖರ್ಚು ಮಾಡಿಬಿಟ್ಟ. ಈಗ ಸೋತರೆ ನಾನು ಏನು ಹೇಳಲಿ?

ಗುಂಪಿನವರಿಗೆ: ಎಳ್ಳುಬೆಲ್ಲ ಒಂದು ಡಬ್ಬಿ ನನಗೆ ಎತ್ತಿಡಿ, ಸೋಮವಾರ ಬಂದು ಇಸ್ಕೊಳ್ತೀನಿ. ಅಂತ್ಯಾಕ್ಷರಿ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ. ನಮ್ಮ ಮನೆಯವರ ಹೆಸರನ್ನು ಬೇಕಾದರೆ ಎರಡು ಸಲ ಬರೆದುಕೊಳ್ಳಿ, ಆ ಮರೂನ್ ಅಂಗಿಯವರನ್ನು ಈ ಸಲ ನನ್ನ ಕಾರಿಗೆ ಹತ್ತಿಸಿಕೊಳ್ಳುವುದಿಲ್ಲ. ಸಿಳ್ಳೆ ಅಲ್ಲೇ ಹಾಕಲಿ.

ಇದೀಗ ಬೇಲಿ ಹತ್ತಿರ ಅಜ್ಜ ಕಂಡರು. ಇವತ್ತು ಇನ್ನೂ ಗುರುವಾರ. "ಭಾನುವಾರ ಒಂಬತ್ತೂವರೆಗೆ ಹೊರಟರೆ ಒಳ್ಳೇದಲ್ವಾ, ಸಾಲ್ಟ್‌ಹಿಲ್‌ನಲ್ಲಿ ಕಾರ್ ನಿಲ್ಲಿಸೋಕೆ ಕಷ್ಟ" ಅಂದರು.

ಒಂಬತ್ತಕ್ಕೇ ಹೊರಡೋಣ ಅಂದಿದ್ದೇನೆ.