ಸುವರ್ಣಯುಗಕ್ಕೊಂದು ವಾರ್ಷಿಕ ತಿಥಿ

ನವೆಂಬರ್ ಬಂತೆಂದರೆ ನನ್ನಂಥ ನರೆಗೂದಲಿನವರಿಗೆ ಸುಗ್ಗಿ. ಕನ್ನಡ ಚಿತ್ರರಂಗದ ಸುವರ್ಣಯುಗವನ್ನು ಕಣ್ಣಾರೆ ಕಂಡವರು ಎಂಬ ಒಂದೇ ಅರ್ಹತೆಯ ಮೇಲೆ ನಮಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಲ್ಲುತ್ತವೆ. ಕಂಡದ್ದರಲ್ಲಿ ಅರ್ಧದಷ್ಟನ್ನು ಗಾಂಧಿ ಕ್ಲಾಸಿನ ಬೆಂಚಿನ ಮೇಲೆ, ಮುಂದೆ ಕುಳಿತವನ ಟೋಪಿಯ ಪಕ್ಕದ ಸಂದಿಯಿಂದ ಕಂಡೆ ಎಂಬುದನ್ನು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಈ ಸಲದ ಸಭೆಯ ವಿಷಯ ‘ಎಪ್ಪತ್ತರ ದಶಕದ ನನ್ನ ಮೆಚ್ಚಿನ ಚಿತ್ರಗಳು’. ವೇದಿಕೆಯ ಮೇಲೆ ಹನ್ನೊಂದು ಜನ, ಕೆಳಗೆ ಎಂಬತ್ತು. ಹನ್ನೊಂದು ಜನರದೂ ಒಂದೇ ಪಟ್ಟಿ, ಒಂದೇ ಅನುಕ್ರಮ, ಸಹಸ್ರನಾಮವನ್ನು ಸರದಿಯ ಮೇಲೆ ಓದಿದ ಹಾಗೆ: ‘ಸಂಸ್ಕಾರ’, ‘ಶರಪಂಜರ’, ‘ಬಂಗಾರದ ಮನುಷ್ಯ’, ‘ನಾಗರಹಾವು’, ‘ಚೋಮನ ದುಡಿ’, ‘ಘಟಶ್ರಾದ್ಧ’. ಪ್ರತಿ ಪಾರಾಯಣದ ಕೊನೆಗೂ “ಈಗ ಅಂಥವು ಎಲ್ಲಿವೆ ಸ್ವಾಮಿ?” ಎಂಬ ಮಂಗಳಾರತಿ.

ಅಧ್ಯಕ್ಷರು ‘ಸಂಸ್ಕಾರ’ದಲ್ಲಿ ಮಲೆನಾಡನ್ನು ತೋರಿಸಿದ ಪರಿಯನ್ನು ಬಣ್ಣಿಸಿದರು. “ಆ ಹಸಿರು! ಆ ಹಸಿರು!” ಎಂದು ಎರಡು ಸಲ ಕಣ್ಣು ಮುಚ್ಚಿದರು. ಚಪ್ಪಾಳೆ ಬಿತ್ತು. ಚಿತ್ರ ಕಪ್ಪು ಬಿಳುಪಿನದು. ಶೃಂಗೇರಿ ಸೀಮೆಯ ಹಸಿರನ್ನೆಲ್ಲ ಆಸ್ಟ್ರೇಲಿಯಾದಿಂದ ಬಂದ ಟಾಮ್ ಕೋವನ್ ಎಂಬ ಛಾಯಾಗ್ರಾಹಕ ಬೂದಿಯ ನಾನಾ ಛಾಯೆಗಳಲ್ಲಿ ಹಿಡಿದಿಟ್ಟಿದ್ದ. ಆದರೂ ಅಧ್ಯಕ್ಷರನ್ನು ತಪ್ಪು ಎನ್ನಲಾರೆ. ನೋಡದೆ ಇದ್ದವರ ಕಣ್ಣಿಗೆ ಯಾವ ಬಣ್ಣವಾದರೂ ಕಾಣಬಹುದು.

ಇಂದು ಪಟ್ಟಿಯ ತುದಿಯಲ್ಲಿ ಕೂರಿಸಿರುವ ಈ ಚಿತ್ರವನ್ನು ಹುಟ್ಟಿದಾಗ ಹೊಸಿಲು ದಾಟಲು ಬಿಟ್ಟಿರಲಿಲ್ಲ. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಸೆನ್ಸಾರ್ ಮಂಡಳಿ ಮೊದಲು ನಿಷೇಧಿಸಿತು. ತಡೆ ತೆರವಾಗಿ, 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಮೇಲೆ ನೋಡಿದರೆ ಎಲ್ಲರಿಗೂ ಅದು ಮೊದಲಿನಿಂದಲೂ ಇಷ್ಟವಾಗಿತ್ತು! ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಹನ್ನೊಂದು ಭಾಷಣಗಳಲ್ಲಿ ಒಂದರಲ್ಲಾದರೂ ಆ ಹೆಸರು ಬಂದೀತೆಂದು ಕಾದೆ. ಹಸಿರು ಬಂತು, ಅವರು ಬರಲಿಲ್ಲ.

‘ಶರಪಂಜರ’ದ ಸರದಿ ಬಂದಾಗ ಮಾತನಾಡಿದ ಹಿರಿಯರು 1971ರಲ್ಲಿ ಇಡೀ ಕುಟುಂಬ ಸಮೇತ ಹೋಗಿ ಅತ್ತು ಬಂದದ್ದನ್ನು ನೆನೆದರು. ಪುಟ್ಟಣ್ಣ ಕಣಗಾಲರ ಆ ಚಿತ್ರದಲ್ಲಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಗಂಡ, ನೆರೆಹೊರೆ, ಅಡುಗೆಯವರು ಎಲ್ಲರೂ ಸೇರಿ ಮತ್ತೆ ಹುಚ್ಚಿಯನ್ನಾಗಿ ಮಾಡುತ್ತಾರೆ. ಕಲ್ಪನಾ ಅವರ ಆ ಕಣ್ಣುಗಳನ್ನು ಮರೆಯುವುದುಂಟೇ ಎಂದು ಹಿರಿಯರ ಗಂಟಲು ಕಟ್ಟಿತು. ಭಾಷಣ ಮುಗಿಸಿ ನನ್ನ ಪಕ್ಕದ ಕುರ್ಚಿಗೆ ಬಂದವರು, ಮೊಮ್ಮಗನಿಗೆ ನೋಡಿದ್ದ ಸಂಬಂಧ ಬಿಟ್ಟದ್ದನ್ನು ಪಿಸುಗುಟ್ಟಿದರು. “ಹುಡುಗಿಯ ಚಿಕ್ಕಮ್ಮನಿಗೆ ಹಿಂದೆ ಯಾವಾಗಲೋ ತಲೆ ಸರಿ ಇರಲಿಲ್ಲವಂತೆ. ನಮಗೇಕೆ ಆ ರಗಳೆ?”

ಆಮೇಲೆ ಬಂದವರು ‘ಬಂಗಾರದ ಮನುಷ್ಯ’ದಿಂದ ಮಣ್ಣಿನ ಪ್ರೀತಿ ಕಲಿತವರು. 1972ರ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು, ಅದನ್ನು ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ನೇಗಿಲು ಹಿಡಿದದ್ದು, ಎಲ್ಲವನ್ನೂ ಹೇಳಿದರು. ಇಳಿದು ಬಂದು ನನ್ನ ಕೈಗೊಂದು ಕಾರ್ಡು ಕೊಟ್ಟರು: ತೋಟದ ಮನೆಗಳು, ಈಜುಕೊಳ ಸಮೇತ. ರಾಜೀವಪ್ಪ ಬಂಜರನ್ನು ಹಸನು ಮಾಡಿದ, ಇವರು ಹಸನಾದದ್ದನ್ನು ಸೈಟು ಮಾಡಿದ್ದಾರೆ. ಉಳಲು ಒಂದು ತುಂಡು ನೆಲವಿಲ್ಲದೆ ಸತ್ತ ಚೋಮನ ಪ್ರಸ್ತಾಪ ಬಂದಾಗ ಮೊದಲು ಕರವಸ್ತ್ರ ತೆಗೆದವರೂ ಇವರೇ. ಚೋಮನಿಗೆ ನಿಮ್ಮ ಬಡಾವಣೆಯಲ್ಲಿ ಕಂತಿನ ಸೌಲಭ್ಯವಿದೆಯೇ ಎಂದು ಕೇಳಬೇಕೆಂದಿದ್ದೆ. ಶಾಲು ಹೊದ್ದು ಅಂಥ ಮಾತು ಆಡುವುದು ಚೆನ್ನಾಗಿರುವುದಿಲ್ಲ.

ಕೆಲಸ ಕೆಟ್ಟದ್ದು ಕೊನೆಯ ಸಾಲಿನಲ್ಲಿದ್ದ ಕಾಲೇಜು ಹುಡುಗನೊಬ್ಬನಿಂದ. ಎದ್ದು ನಿಂತು, “ಸಾರ್, ಇವುಗಳ ಒಳ್ಳೆಯ ಪ್ರಿಂಟ್ ಎಲ್ಲಿ ನೋಡಬಹುದು?” ಎಂದ.

ಸಭೆ ಒಂದು ಕ್ಷಣ ಮೌನವಾಯಿತು. ಆಮೇಲೆ ಶುರುವಾಯಿತು ನೋಡಿ. ಅದು ನಿರ್ಮಾಪಕರ ಮಕ್ಕಳ ಜವಾಬ್ದಾರಿ ಎಂದರು ಒಬ್ಬರು. ಮಕ್ಕಳಿಗೇಕೆ, ನೆಗೆಟಿವ್ ಇದ್ದದ್ದು ಮದ್ರಾಸಿನ ಲ್ಯಾಬಿನಲ್ಲಲ್ಲವೇ ಎಂದರು ಇನ್ನೊಬ್ಬರು. ಸರ್ಕಾರ ಎಂದರು ಮತ್ತೊಬ್ಬರು. ಯಾವ ಸರ್ಕಾರ, ರಾಜ್ಯದ್ದೋ ಕೇಂದ್ರದ್ದೋ ಎಂಬಲ್ಲಿ ಎರಡು ಪಂಗಡಗಳಾದವು. 1964ರಿಂದ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ ಎಂದು ನಾನೂ ನನ್ನದೊಂದು ಕಡ್ಡಿ ಹಾಕಿದೆ. ಕನ್ನಡದ ಆಸ್ತಿ ಮಹಾರಾಷ್ಟ್ರದಲ್ಲೇಕೆ ಎಂದು ಹಿಂದಿನಿಂದ ಯಾರೋ ಗುಡುಗಿದರು. ಅಲ್ಲಿಂದ ಚರ್ಚೆ ಬೆಳಗಾವಿಗೆ ಹೋಗಿ ವಾಪಸು ಬರಲು ಇಪ್ಪತ್ತು ನಿಮಿಷ ಹಿಡಿಯಿತು.

ಇದನ್ನೆಲ್ಲ ನಾನು ಎಲ್ಲಿಯೋ ನೋಡಿದ್ದೇನೆ ಎನ್ನಿಸುತ್ತಿತ್ತು. ಹೊಳೆಯಿತು. ‘ಸಂಸ್ಕಾರ’ದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವ ತನಕ ಊಟವಿಲ್ಲ. ಯಾರು ಸಂಸ್ಕಾರ ಮಾಡಬೇಕೆಂದು ಜಗಲಿಯ ಮೇಲೆ ಧರ್ಮಸೂಕ್ಷ್ಮ ನಡೆಯುತ್ತಿದೆ. ಅವನು ನಮ್ಮವನೇ, ಆದರೆ ನಮ್ಮವನಲ್ಲ. ಅತ್ತ ಹೆಣ ನಾರುತ್ತಿದೆ.

ಇಲ್ಲಿ ನಾರುವುದೂ ಉತ್ಪ್ರೇಕ್ಷೆಯಲ್ಲ. ಆ ಕಾಲದ ಅಸಿಟೇಟ್ ಫಿಲ್ಮು ಸೆಕೆಗೂ ತೇವಕ್ಕೂ ಸಿಕ್ಕಿ ಕೊಳೆಯತೊಡಗಿದರೆ ಡಬ್ಬಿಯಿಂದ ವಿನೆಗರ್‌ನ ಹುಳಿ ವಾಸನೆ ಹೊಡೆಯುತ್ತದೆ. ಸುರುಳಿ ಸುಕ್ಕಾಗುತ್ತದೆ, ಮುರುಟುತ್ತದೆ, ಪಕ್ಕದ ಡಬ್ಬಿಗೂ ಹಬ್ಬುತ್ತದೆ. ಕೊಳೆಯುವಷ್ಟೂ ಪುಣ್ಯವಿಲ್ಲದ ಪ್ರಿಂಟುಗಳು ತೂಕಕ್ಕೆ ಹೋದವು. ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಕರಗಿಸಿ ತೆಗೆಯಬಹುದು. ನಾವು ಸುವರ್ಣಯುಗ ಎನ್ನುತ್ತೇವೆ, ಗುಜರಿಯವನ ಲೆಕ್ಕದಲ್ಲಿ ಅದು ರಜತಯುಗ. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ನಮ್ಮಲ್ಲಿಲ್ಲ. ಆದರೂ ಅದರ ಬಿಡುಗಡೆಯ ದಿನವನ್ನು ವರ್ಷವರ್ಷವೂ ಆಚರಿಸುತ್ತೇವೆ. ವಸ್ತುವಿಲ್ಲದಿದ್ದರೂ ಹಬ್ಬ ನಿಲ್ಲಬಾರದು.

“ಟಿವಿಯಲ್ಲಿ ಬರುತ್ತದಲ್ಲ?” ಎಂದರು ಅಧ್ಯಕ್ಷರು, ಹುಡುಗನಿಗೆ ಸಮಾಧಾನ ಹೇಳುವವರಂತೆ. ಬರುತ್ತದೆ, ನಿಜ. ಅಂದಿನ ಚೌಕಾಕಾರದ ಚಿತ್ರವನ್ನು ಇಂದಿನ ಅಗಲ ಪರದೆಯ ತುಂಬ ಹಿಗ್ಗಿಸಿರುತ್ತಾರೆ. ಅದರಿಂದಾಗಿ ಎಪ್ಪತ್ತರ ದಶಕದ ನಾಯಕಿಯರೆಲ್ಲ ದಿಢೀರನೆ ದಪ್ಪಗಾಗಿದ್ದಾರೆ, ಚಿತ್ರದುರ್ಗದ ಕೋಟೆ ಕುಳ್ಳಾಗಿದೆ. ಹಿಗ್ಗಿಸಲು ಮನಸ್ಸಾಗದ ಕರುಣಾಳುಗಳು ಮೇಲೊಂದಿಷ್ಟು ಕೆಳಗೊಂದಿಷ್ಟು ಕತ್ತರಿಸುತ್ತಾರೆ, ಹಣೆಯಿಲ್ಲದ ರಾಜ್‌ಕುಮಾರ್ ಕಾಣಿಸಿಕೊಳ್ಳುತ್ತಾರೆ. ಒಂದು ಮೂಲೆಯಲ್ಲಿ ವಾಹಿನಿಯ ಲಾಂಛನ, ಇನ್ನೊಂದರಲ್ಲಿ ಮುಂದಿನ ಧಾರಾವಾಹಿಯ ಅತ್ತೆ, ಕೆಳಗೆ ಮಂಡಿನೋವಿನ ಎಣ್ಣೆ. ಉಳಿದ ಜಾಗದಲ್ಲಿ ಚಲನಚಿತ್ರ.

ಮೊಬೈಲಿನಲ್ಲಿ ಇನ್ನೂ ಸುಲಭ. ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವಷ್ಟನ್ನು ಮಾತ್ರ ಕತ್ತರಿಸಿ ಹಂಚುತ್ತಾರೆ. ನಮ್ಮ ಮನೆಯ ಮಕ್ಕಳು ಅದನ್ನು ಉಪ್ಪಿನಕಾಯಿಯ ಜಾಹೀರಾತು ಎಂದೇ ತಿಳಿದಿದ್ದರು.

ಇಷ್ಟರ ನಡುವೆ 2024ರಲ್ಲಿ ‘ಘಟಶ್ರಾದ್ಧ’ಕ್ಕೆ ಮರುಜೀವ ಬಂತು. 1977ರಲ್ಲಿ ಗಿರೀಶ ಕಾಸರವಳ್ಳಿ ಮಾಡಿದ ಮೊದಲ ಚಿತ್ರ. ಜೀವಂತ ಇರುವ ಹೆಣ್ಣಿಗೆ ಶ್ರಾದ್ಧ ಮಾಡಿ ಕೈತೊಳೆದುಕೊಳ್ಳುವ ಕಥೆ. ನೆಗೆಟಿವನ್ನು ಚೊಕ್ಕಟಗೊಳಿಸಿ ಹೊಸದಾಗಿ ನಿಲ್ಲಿಸಲು ಮುಂದೆ ಬಂದದ್ದು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದಲ್ಲಿ ಅಲ್ಲಿನ ಚಿತ್ರನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆ. ಮೊದಲ ಪ್ರದರ್ಶನ ವೆನಿಸ್ ಚಿತ್ರೋತ್ಸವದಲ್ಲಿ. ನಾರಣಪ್ಪನ ಹೆಣವನ್ನೂ ಕೊನೆಗೆ ಅಗ್ರಹಾರದ ಹೊರಗಿನವರೇ ರಾತ್ರೋರಾತ್ರಿ ಎತ್ತಿದರಲ್ಲ! ವೆನಿಸ್‌ನ ಸುದ್ದಿ ಬಂದ ದಿನ ನಮ್ಮ ಸಂಘ ತುರ್ತುಸಭೆ ಸೇರಿ, ಕನ್ನಡಿಗರ ಹೆಮ್ಮೆ ಎಂಬ ಠರಾವು ಪಾಸು ಮಾಡಿ, ಚಹಾ ಕುಡಿದು ಎದ್ದಿತ್ತು.

ಹುಡುಗನ ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಅಷ್ಟರಲ್ಲಿ ಎಲೆ ಹಾಕಿದ್ದರು. ವಡೆ, ಪಾಯಸ, ಚಿರೋಟಿ. ತಿಥಿಯೂಟದಲ್ಲಿ ಹೇಗೆ ಸತ್ತವರ ಒಳ್ಳೆಯ ಗುಣಗಳೆಲ್ಲ ಪಾಯಸದ ಹೊತ್ತಿಗೆ ನೆನಪಾಗುತ್ತವೆಯೋ ಹಾಗೆ, ಎರಡನೆಯ ಸಲ ಬಡಿಸುವಾಗ ‘ಹಂಸಗೀತೆ’ ನೆನಪಾಯಿತು, ಮಜ್ಜಿಗೆಯ ಹೊತ್ತಿಗೆ ‘ಪಲ್ಲವಿ’.

ಊಟದ ಬಳಿಕ ‘ಸಂಸ್ಕಾರ’ದ ಪ್ರದರ್ಶನ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಮರೆತಿದ್ದ ಕಾರ್ಯದರ್ಶಿಗಳು ಲ್ಯಾಪ್‌ಟಾಪ್ ತರಿಸಿ ಗೋಡೆಗೆ ಬಿಟ್ಟರು. ಉಳಿದವರು ನಾನು, ಆ ಹುಡುಗ, ಮತ್ತು ವೈರು ಸುತ್ತುತ್ತಿದ್ದ ಮೈಕಿನವನು. ಹಿಗ್ಗಿದ ಅಗ್ರಹಾರ ಗೋಡೆಯ ಮೇಲೆ ಮೂಡಿತು. ಪ್ರಾಣೇಶಾಚಾರ್ಯರ ಎದೆಯ ಮೇಲೆ ಯಾರದೋ ಮೊಬೈಲ್ ಸಂಖ್ಯೆ ತೇಲುತ್ತಿತ್ತು. ಮೈಕಿನವನು ವೈರು ಸುತ್ತುವುದನ್ನು ನಿಲ್ಲಿಸಿ, ನಿಂತಲ್ಲಿಯೇ ನೋಡತೊಡಗಿದ.

“ಯಾರೂ ಎತ್ತುವುದಿಲ್ಲವೇ ಸಾರ್ ಇವನನ್ನು?” ಎಂದು ಕೇಳಿದ.

ನಾನು ಉತ್ತರಿಸುವ ಮೊದಲೇ ಸಭಾಂಗಣದ ಉಸ್ತುವಾರಿಯವರು ಬಂದು ದೀಪ ಹಾಕಿದರು. ನಾಲ್ಕು ಗಂಟೆಗೆ ಸೀರೆಗಳ ರಿಯಾಯಿತಿ ಮಾರಾಟವಿತ್ತು. ನಾರಣಪ್ಪನ ಹೆಣ ಎತ್ತುವ ಮೊದಲೇ ಪ್ರೊಜೆಕ್ಟರ್ ಎತ್ತಿದರು.