ಗಲ್ಫ್ ಸಂಬಳಕ್ಕೆ ಭಾರತದಲ್ಲಿ ತೆರಿಗೆಯೇ? ಒಂದು ಸ್ಪಷ್ಟನೆ

"ದುಬೈ, ಸೌದಿಯಲ್ಲಿ ತೆರಿಗೆ ಇಲ್ಲ, ಹಾಗಾಗಿ ಅಲ್ಲಿನ ಸಂಬಳಕ್ಕೆ ಇನ್ನು ಭಾರತದಲ್ಲೇ ತೆರಿಗೆ ಕಟ್ಟಬೇಕು" ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಇದರ ಮೂಲ 2020ರ ಬಜೆಟ್. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ಇಲ್ಲಿನ ನಿವಾಸಿ ಅಂತಲೇ ಎಣಿಸುವ ಪ್ರಸ್ತಾಪ ಅದರಲ್ಲಿತ್ತು. ಗಾಬರಿ ಆಗಿದ್ದು ಸಹಜ. ಆದರೆ ಮರುದಿನವೇ, ಫೆಬ್ರವರಿ 2ರಂದು, ಹೊರದೇಶದಲ್ಲಿ ದುಡಿಯುವವರ ಅಲ್ಲಿನ ಸಂಬಳಕ್ಕೆ ಇದು ತಾಗುವುದಿಲ್ಲ ಎಂದು ಸರ್ಕಾರ ಹೇಳಿತು. ಆಮೇಲೆ ಪಾಸಾದ ಕಾಯ್ದೆಯಲ್ಲಿ ನಿಯಮ ಇನ್ನೂ ಕಿರಿದಾಯಿತು. ಭಾರತದ ಆದಾಯ ವರ್ಷಕ್ಕೆ 15 ಲಕ್ಷ ದಾಟಿದವರಿಗೆ ಮಾತ್ರ ಅದು ಅನ್ವಯ. ಅವರನ್ನೂ 'ಸಾಮಾನ್ಯ ನಿವಾಸಿಯಲ್ಲದವರು' (ನಿವಾಸಿ ಅಂತ ಎಣಿಸಿದರೂ ಹೊರದೇಶದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲದ ವರ್ಗ) ಅಂತಲೇ ಪರಿಗಣಿಸುವುದರಿಂದ ಅಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ.

ಸೌದಿಯ ದಮ್ಮಾಮ್‌ನಲ್ಲಿ ವೆಲ್ಡರ್ ಆಗಿರುವ ಒಬ್ಬರಿಗೆ ಮಂಗಳೂರಿನಲ್ಲಿ ಫ್ಲ್ಯಾಟ್ ಇದೆ, ತಿಂಗಳಿಗೆ 12,000 ಬಾಡಿಗೆ ಬರುತ್ತದೆ ಅಂದುಕೊಳ್ಳಿ. ಆ ಬಾಡಿಗೆ, ಎನ್‌ಆರ್‌ಒ ಖಾತೆಯ (ಹೊರದೇಶದಲ್ಲಿರುವವರು ಇಲ್ಲಿನ ಆದಾಯ ಇಡುವ ಬ್ಯಾಂಕ್ ಖಾತೆ) ಬಡ್ಡಿ ಇವೆಲ್ಲ ಭಾರತದ ಲೆಕ್ಕಕ್ಕೆ ಸೇರುತ್ತವೆ. ದಮ್ಮಾಮ್‌ನ ಸಂಬಳ ಸೇರುವುದಿಲ್ಲ. ಅದರಿಂದ ಹೆಂಡತಿಗೆ, ಅಮ್ಮನಿಗೆ ಕಳಿಸಿದ ದುಡ್ಡೂ ಅಷ್ಟೇ.

ಒಂದು ಎಚ್ಚರ ಇರಲಿ. ಒಂದೇ ಹಣಕಾಸು ವರ್ಷದಲ್ಲಿ ಊರಲ್ಲಿ 182 ದಿನ ಅಥವಾ ಜಾಸ್ತಿ ಉಳಿದರೆ ಇಲ್ಲಿನ ನಿವಾಸಿ ಅಂತ ಎಣಿಸುತ್ತಾರೆ, ಆಗ ಲೆಕ್ಕವೇ ಬೇರೆ. ಇಲ್ಲಿನ ಆದಾಯ 15 ಲಕ್ಷ ದಾಟಿದವರಿಗೆ 120 ದಿನವೂ ಮುಖ್ಯವಾಗಬಹುದು. ಅಂಥವರು ಪಾಸ್‌ಪೋರ್ಟ್‌ನ ಸ್ಟಾಂಪ್ ಹಿಡಿದುಕೊಂಡು ಆಡಿಟರ್ ಹತ್ತಿರ ಕೇಳಿ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.