ಎಫೆಕ್ಟ್ ಆಮೇಲೆ, ಮೊದಲು ಒತ್ತಕ್ಷರ ನೋಡಿ

ಯಾವ ವಿಡಿಯೋ ಎಡಿಟರ್ ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ಟ್ರಾನ್ಸಿಷನ್, ಕಲರ್ ಗ್ರೇಡಿಂಗ್, ಟೆಂಪ್ಲೇಟ್ ಬಗ್ಗೆಯೇ ಹೇಳುತ್ತಾರೆ. ಕನ್ನಡದಲ್ಲಿ ವಿಡಿಯೋ ಮಾಡುವವರು ಮೊದಲು ಮಾಡಬೇಕಾದ ಪರೀಕ್ಷೆ ಬೇರೆ. ಟೈಟಲ್ ಹಾಕುವ ಜಾಗದಲ್ಲಿ ಈ ನಾಲ್ಕು ಪದ ಪೇಸ್ಟ್ ಮಾಡಿ: ಸೂರ್ಯ, ರಾಷ್ಟ್ರ, ರ‍್ಯಾಂಕ್, ಫೇಸ್‌ಬುಕ್.

‘ಸೂರ್ಯ’ದ ಅರ್ಕಾವೊತ್ತು ಯಕಾರದ ಬಲಕ್ಕೆ ಬರಬೇಕು. ‘ರಾಷ್ಟ್ರ’ದಲ್ಲಿ ಟ, ರ ಎರಡೂ ಷಕಾರಕ್ಕೆ ಒತ್ತಾಗಬೇಕು. ‘ರ‍್ಯಾಂಕ್’ನಲ್ಲಿ ರ ಇಡಿಯಾಗಿ ಉಳಿದು ಯ ಒತ್ತಾಗಬೇಕು. ‘ಫೇಸ್‌ಬುಕ್’ನ ಬ ಒತ್ತಾಗಲೇಬಾರದು. ಕೊನೆಯ ಎರಡರಲ್ಲಿ ಅಕ್ಷರ ಹೇಗೆ ಕೂಡಬೇಕು, ಎಲ್ಲಿ ಕೂಡಬಾರದು ಎಂದು ಹೇಳುವ, ಕಣ್ಣಿಗೆ ಕಾಣದ ಜಾಯ್ನರ್, ನಾನ್‌ಜಾಯ್ನರ್ ಸಂಕೇತಗಳಿವೆ. ಕೆಲವು ಆ್ಯಪ್‌ಗಳು ಅವನ್ನು ಚೌಕ ಡಬ್ಬಿಯಾಗಿ ತೋರಿಸುತ್ತವೆ, ಕೆಲವು ನುಂಗಿಯೇ ಬಿಡುತ್ತವೆ.

ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಕೇತ ಕೊಡುವ ಯುನಿಕೋಡ್‌ ಪದ್ಧತಿಯಲ್ಲಿ ‘ರಾಷ್ಟ್ರ’ ಎಂದರೆ 7 ಸಂಕೇತಗಳ ಸಾಲು. ಅದನ್ನು ಒತ್ತಕ್ಷರವಾಗಿ ಜೋಡಿಸುವ ನಿಯಮ ಫಾಂಟಿನೊಳಗೆ ಇರುತ್ತದೆ, ಅದನ್ನು ಓದಿ ನಡೆಸಬೇಕಾದ್ದು ಸಾಫ್ಟ್‌ವೇರ್. ಹಾಗಾಗಿ ಷ್‌ಟ್‌ರ ಅಂತ ಬಿಡಿಬಿಡಿಯಾಗಿ ಬಂದರೆ ಫಾಂಟ್ ಬದಲಿಸುತ್ತಾ ಕೂರಬೇಡಿ. ವಿಡಿಯೋ ಎಡಿಟರ್ ಕೆಡೆನ್‌ಲೈವ್, ಚಿತ್ರ ಬರೆಯುವ ಇಂಕ್‌ಸ್ಕೇಪ್, ಫೋಟೊ ತಿದ್ದುವ ಗಿಂಪ್ ಮೂರೂ ಪುಕ್ಕಟೆ, ಮೂರೂ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿಯನ್ನು ನೆಚ್ಚಿಕೊಂಡಿರುವುದರಿಂದ ಏನೂ ಸೆಟ್ ಮಾಡದೆಯೇ ಕನ್ನಡ ಸರಿಯಾಗಿ ಬರುತ್ತದೆ. ದುಡ್ಡು ಕೊಟ್ಟು ತೆಗೆದುಕೊಳ್ಳುವ ವಿಡಿಯೋ ಎಡಿಟರ್ ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ಗ್ರಾಫಿಕ್ಸ್‌ನಲ್ಲಿ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಎಂಜಿನ್ ಆರಿಸಬೇಕು. ಅನಿಮೇಷನ್ ಮಾಡುವ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದೇ ಆಯ್ಕೆ ಟೈಪ್ ವಿಭಾಗದಲ್ಲಿದೆ. ಆರಿಸಿದ ಮೇಲೂ ಹಳೆಯ ಲೇಯರ್ ಸರಿಹೋಗದಿದ್ದರೆ ಹೊಸ ಲೇಯರ್‌ನಲ್ಲಿ ಮತ್ತೆ ಟೈಪ್ ಮಾಡಿ.

ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹದ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟ್‌ಗಳು ಎಲ್ಲ ಕಡೆ ಸಲೀಸಾಗಿ ಕೂರುತ್ತವಲ್ಲ ಎನ್ನುತ್ತೀರಿ. ನಿಜ, ಅಲ್ಲಿ ಒಂದೊಂದು ಒತ್ತೂ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತ ಚಿತ್ರ, ಜೋಡಿಸುವ ಕೆಲಸವೇ ಇಲ್ಲ. ಫ್ಲೆಕ್ಸ್ ಅಂಗಡಿಗೆ ಅದು ಸಾಕು. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಪ್ರಾಜೆಕ್ಟ್ ತೆರೆದರೆ ಟೈಟಲ್ ಪೂರ್ತಿ ಇಂಗ್ಲಿಷ್ ಚಿತ್ತಾರ, ಅದೇ ಪಠ್ಯವನ್ನು ಯೂಟ್ಯೂಬ್ ವಿವರಣೆಗೆ ಹಾಕಲೂ ಬರುವುದಿಲ್ಲ. 2 ಸಾವಿರ ಇಸವಿಯ ಆಸುಪಾಸಿನಲ್ಲಿ ಬೇರೆ ದಾರಿ ಇರಲಿಲ್ಲ. ಈಗ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಯುನಿಕೋಡ್ ಫಾಂಟ್‌ಗಳೆಲ್ಲವೂ ಪುಕ್ಕಟೆ ಸಿಗುವಾಗ ಇನ್ನೂ ಆಸ್ಕಿ ಹಿಡಿದು ಜೋತುಬೀಳುವುದು ಬರೀ ಹಠ.

ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್ ಒತ್ತಕ್ಷರವನ್ನು ಕೂರಿಸುವುದಿಲ್ಲ. ತ್ರೀಡಿ ಟೈಟಲ್ ಬೇಕಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಬರೆದು, ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಕೊಡಿ, ಆಮೇಲೆ ಯೂನಿಯನ್. ಯೂನಿಯನ್ ಬಿಟ್ಟರೆ ಅಕ್ಷರದ ಗೆರೆಗಳು ಒಂದರ ಮೇಲೊಂದು ಬಿದ್ದ ಕಡೆ ತೂತು ಕಾಣುವ ಸಾಧ್ಯತೆ ಇದೆ. ಎಸ್‌ವಿಜಿಯಾಗಿ ಉಳಿಸಿ ಬ್ಲೆಂಡರ್‌ಗೆ ಇಂಪೋರ್ಟ್ ಮಾಡಿ. ಪರದೆಯಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ, ಅದು ತೀರಾ ಚಿಕ್ಕದಾಗಿ ಬಂದಿರುತ್ತದೆ. ಹಿಗ್ಗಿಸಿ, ನಂತರ ದಪ್ಪ ಬರಲು ಎಕ್ಸ್‌ಟ್ರೂಡ್ ಕೊಡಿ. ಮೊಬೈಲ್ ಎಡಿಟರ್ ಕೈಕೊಟ್ಟಾಗಲೂ ಇಂಕ್‌ಸ್ಕೇಪೇ ಗತಿ: 1920×1080 ಪುಟ, ಹಿನ್ನೆಲೆ ಪಾರದರ್ಶಕ, ಪಿಎನ್‌ಜಿ ಎಕ್ಸ್‌ಪೋರ್ಟ್, ವಿಡಿಯೋ ಮೇಲೆ ಲೇಯರ್.

ಲಿರಿಕಲ್ ವಿಡಿಯೋಗಳಲ್ಲಿ ನನಗೆ ಅತಿ ಕಿರಿಕಿರಿ ಮಾಡುವುದು ಅಕ್ಷರ ಒಂದೊಂದಾಗಿ ಹಾರಿಬರುವ ಅನಿಮೇಷನ್. ಅದು ಸಂಕೇತಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ, ಹಾಗಾಗಿ ‘ಪ್ರೀತಿ’ ಬರುವ ಮೊದಲು ಪರದೆಯಲ್ಲಿ ‘ಪ್’ ಒಂದು ಕ್ಷಣ ನಿಂತುಹೋಗುತ್ತದೆ. ಆಫ್ಟರ್ ಎಫೆಕ್ಟ್ಸ್‌ನ ರೇಂಜ್ ಸೆಲೆಕ್ಟರ್‌ನಲ್ಲಿ ಅಡ್ವಾನ್ಸ್ಡ್ ತೆರೆದು ಬೇಸ್ಡ್ ಆನ್ ಎಂಬುದನ್ನು ವರ್ಡ್ಸ್‌ಗೆ ಬದಲಿಸಿ. ಟ್ರ್ಯಾಕಿಂಗ್, ಅಂದರೆ ಅಕ್ಷರಗಳ ನಡುವಿನ ಅಂತರ, ಸೊನ್ನೆಯಲ್ಲೇ ಇರಲಿ. ಹೆಚ್ಚಿಸಿದರೆ ಒತ್ತು ತನ್ನ ಅಕ್ಷರ ಬಿಟ್ಟು ದೂರ ಸರಿಯುತ್ತದೆ.

ಸಾಲುಗಳ ನಡುವಿನ ಅಂತರವನ್ನು ಫಾಂಟ್ ಅಳತೆಯ ಒಂದೂವರೆ ಪಟ್ಟು ಇಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬೋಲ್ಡ್ ಇಲ್ಲದ ಫಾಂಟಿಗೆ ಬೋಲ್ಡ್ ಗುಂಡಿ ಒತ್ತಬೇಡಿ. ಸಾಫ್ಟ್‌ವೇರ್ ಸುಮ್ಮನೆ ಗೆರೆ ದಪ್ಪ ಮಾಡುತ್ತದೆ, ಮೊಬೈಲ್ ಪರದೆಯಲ್ಲಿ ದ, ಧ, ಥ ಮೂರೂ ಒಂದೇ ಥರ ಕಾಣುತ್ತವೆ.

ಸಬ್‌ಟೈಟಲನ್ನು ವಿಡಿಯೋದೊಳಗೇ ಅಚ್ಚೊತ್ತಲು ಕಮಾಂಡ್ ಕೊಟ್ಟು ನಡೆಸುವ ಎಫ್‌ಎಫ್‌ಎಂಪೆಗ್ ಬಳಸುವವರು ಅದರ ಡ್ರಾಟೆಕ್ಸ್ಟ್ ಫಿಲ್ಟರ್ ಬಿಟ್ಟು ಸಬ್‌ಟೈಟಲ್ಸ್ ಫಿಲ್ಟರ್ ಹಿಡಿಯಿರಿ. ಸಬ್‌ಟೈಟಲ್ ಬರೆದಿಡುವ ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇದೆಯೇ ನೋಡಿ. ಆನ್ಸಿ ಅಂತ ಉಳಿಸಿ ಮುಚ್ಚಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಆ ಫೈಲಿನಿಂದ ಅದನ್ನು ವಾಪಸ್ ತರಲು ಯಾವ ಕನ್ವರ್ಟರ್‌ಗೂ ಆಗುವುದಿಲ್ಲ.